ನಿಷೇಧವೊಂದೇ ಉತ್ತರವಲ್ಲ: ಕೊಡಗಿಗೆ ಬೇಕು ತರಬೇತಾದ ರಕ್ಷಣಾ ಪಡೆ





ಕೊಡಗಿನ ಬೆಟ್ಟ, ಜಲಪಾತ, ಕಲ್ಲುಗವಿಗಳಲ್ಲಿ ಅವಘಡವೊಂದು ಸಂಭವಿಸಿದೊಡನೆ ಮೊದಲು ಕೇಳಿಬರುವ ಮಾತು ಆ ಜಾಗಕ್ಕೆ ಪ್ರವೇಶ ನಿಷೇಧಿಸಬೇಕೆಂಬುದು. ಕೆಲವು ತಿಂಗಳ ಬಳಿಕ ನಿಷೇಧ ಸಡಿಲವಾಗಿ, ಜನ ಮರಳಿ ಬಂದು, ಮತ್ತೊಂದು ಅವಘಡದವರೆಗೆ ಎಲ್ಲವೂ ಮರೆತುಹೋಗುತ್ತದೆ. ಸಿಲುಕಿದವರನ್ನು ಹೊರತರಬೇಕಾದವರು ಯಾರು, ಅವರಿಗೆ ಆ ವಿದ್ಯೆಯನ್ನು ಕಲಿಸಿದವರು ಯಾರು ಎಂಬ ಪ್ರಶ್ನೆಗೆ ಈ ಚಕ್ರದಲ್ಲಿ ಎಲ್ಲಿಯೂ ಜಾಗವಿಲ್ಲ.

2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ನೆರೆದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಹಾದಿಗಳಲ್ಲಿ ಸರ್ಕಾರವು ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅರಣ್ಯ ಇಲಾಖೆಯು 'ಅರಣ್ಯ ವಿಹಾರ' ಜಾಲತಾಣವನ್ನು ತೆರೆದು, ಒಂದು ಹಾದಿಗೆ ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿಯನ್ನು ಹಾಕಿತು. ಜನಸಂದಣಿಗೆ ಕಡಿವಾಣ ಹಾಕುವ ಈ ಕ್ರಮ ಒಳ್ಳೆಯದೇ. ಆದರೆ ಟಿಕೆಟ್ ಪಡೆದು ಒಳಹೋದವನ ಕಾಲು ಬಂಡೆಗಳ ನಡುವೆ ಸಿಕ್ಕಿಕೊಂಡರೆ ಮುಂದೇನು ಎಂಬುದಕ್ಕೆ ಎಣಿಕೆಯ ಮಿತಿಯು ಉತ್ತರವಾಗುವುದಿಲ್ಲ.

ಕೊಡಗಿನಲ್ಲಿ ಗುಹೆಗಳೆಲ್ಲಿವೆ ಎಂದು ಕೇಳುವವರಿದ್ದಾರೆ. ಮೇಘಾಲಯದಲ್ಲಿರುವಂತೆ ಸುಣ್ಣಕಲ್ಲು ನೀರಿನಲ್ಲಿ ಕರಗಿ ಉಂಟಾದ, ಕಿಲೋಮೀಟರುಗಟ್ಟಲೆ ಸಾಗುವ ಗುಹೆಗಳು ಇಲ್ಲಿಲ್ಲ. ಇಲ್ಲಿನ ನೆಲ ಗಟ್ಟಿಶಿಲೆಯದಾದುದರಿಂದ ಉರುಳಿ ಒಂದರ ಮೇಲೊಂದು ನಿಂತ ಬಂಡೆಗಳ ಸಂದುಗಳೇ ಇಲ್ಲಿ ಗವಿಗಳು. ಇರ್ಪುವಿನಿಂದ ನರಿಮಲೆಯ ಮೂಲಕ ಬ್ರಹ್ಮಗಿರಿಯ ಏಣನ್ನು ಹತ್ತಿ ಗಡಿ ದಾಟಿದರೆ ಸಿಗುವ ವಯನಾಡಿನ ಪಕ್ಷಿಪಾತಾಳದ ಮುನಿಕಲ್ಲು ಗುಹೆ ಈ ಜಾತಿಯದು. ಇಂತಹ ಗವಿ ಆಳವಾಗಿರದಿದ್ದರೂ ಅಪಾಯ ಕಡಿಮೆಯೇನಲ್ಲ. ಪಾಚಿಗಟ್ಟಿದ ಕಲ್ಲು ಜಾರುತ್ತದೆ, ಸಂದುಗಳು ಇಕ್ಕಟ್ಟಾಗಿರುತ್ತವೆ, ಬಂಡೆಯಡಿಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಇದಲ್ಲದೆ ಏಣಿನ ಮೇಲಿಂದ 112ಕ್ಕೆ ಮಾಡಿದ ಕರೆಯನ್ನು ಗಡಿಯಾಚೆಯ ಮೊಬೈಲ್ ಗೋಪುರ ಹಿಡಿದರೆ ಅದು ಕೇರಳದ ನಿಯಂತ್ರಣ ಕೊಠಡಿಗೆ ತಲುಪುವ ಸಾಧ್ಯತೆಯಿದೆ, ಗಾಯಾಳು ಬಿದ್ದಿರುವುದು ಈಚೆಗಾದರೂ ಸರಿಯೆ.

ಗುಹೆಯ ಅವಘಡದಲ್ಲಿ ಆಂಬುಲೆನ್ಸ್ ಬಾಗಿಲಿಗೆ ಬರುವುದಿಲ್ಲ. ಗಾಯಾಳು ಬಿದ್ದಲ್ಲಿಂದ ರಸ್ತೆಯವರೆಗಿನ ಗಂಟೆಗಳನ್ನು ಸಂಗಡಿಗರೇ ನಿಭಾಯಿಸಬೇಕು. ಆದ್ದರಿಂದಲೇ ಗುಹಾಸಂಚಾರಿಗಳಲ್ಲಿ ಕನಿಷ್ಠ ನಾಲ್ವರು ಹೋಗಬೇಕೆಂಬ ನಿಯಮ ರೂಢಿಯಲ್ಲಿದೆ: ಒಬ್ಬನಿಗೆ ಪೆಟ್ಟಾದರೆ ಒಬ್ಬ ಅವನ ಬಳಿ ಉಳಿದು, ಇಬ್ಬರು ಒಟ್ಟಾಗಿ ಹೊರಬಂದು ಸುದ್ದಿ ಮುಟ್ಟಿಸುತ್ತಾರೆ. ತಲಾ ಮೂರು ಬೇರೆ ಬೇರೆ ಬೆಳಕಿನ ಸಾಧನಗಳಿರಬೇಕೆಂಬುದು, ಮರಳುವ ಹೊತ್ತನ್ನು ಹೊರಗಿರುವ ಒಬ್ಬರಿಗೆ ಹೇಳಿ ಹೋಗಬೇಕೆಂಬುದು ಉಳಿದೆರಡು ನಿಯಮಗಳು. ಇವು ದುಬಾರಿಯಲ್ಲ, ಆದರೂ ಟಿಕೆಟ್ ಕೊಡುವಾಗ ಇವನ್ನು ಕೇಳುವ ಪದ್ಧತಿ ಬೆಳೆದಿಲ್ಲ.

ಪ್ರಥಮ ಚಿಕಿತ್ಸೆಯ ವಿಷಯದಲ್ಲಿ ನಮ್ಮ ನಾಡಿನ ಸದ್ಭಾವನೆಯೇ ಕೆಲವೊಮ್ಮೆ ಹಾನಿ ಮಾಡುತ್ತದೆ. ಒದ್ದೆ ಬಟ್ಟೆ ಮತ್ತು ಗಾಳಿಯಿಂದ ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸ್ಥಿತಿಗೆ ತಾಪಕುಸಿತ ಎನ್ನಬಹುದು. ಹಿಮಬೀಳದ ಕೊಡಗಿನಲ್ಲಿಯೂ ಮಳೆಗಾಲದ ಬೆಟ್ಟದ ಮೇಲೆ ಇದು ಬರುತ್ತದೆ. ಚಳಿಗೆ ಒಂದು ಪೆಗ್ ಕೊಡುವ ಔದಾರ್ಯ ಇಲ್ಲಿ ಸಹಜವಾದರೂ, ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಉಳಿದ ಬಿಸಿಯನ್ನೂ ಹೊರಹಾಕುತ್ತದೆ. ನಡುಕ ನಿಂತಿತೆಂದು ಸಮಾಧಾನಪಡುವುದು ಇನ್ನೊಂದು ತಪ್ಪು, ಏಕೆಂದರೆ ಕಾಯಿಸದೆಯೇ ನಡುಕ ನಿಲ್ಲುವುದು ಸ್ಥಿತಿ ಕೆಟ್ಟಿರುವುದರ ಸೂಚನೆ. ಇದಕ್ಕಿಂತ ಸೂಕ್ಷ್ಮವಾದುದು ಭಾರದಡಿ ಬಹಳ ಹೊತ್ತು ಸಿಕ್ಕಿದ ಕೈಕಾಲಿನ ಪ್ರಸಂಗ: ಜಜ್ಜಿದ ಸ್ನಾಯುಗಳಲ್ಲಿ ಕೂಡಿದ ಪೊಟ್ಯಾಷಿಯಂ ಮುಂತಾದವು ಕಲ್ಲನ್ನು ಎತ್ತಿದ ಕ್ಷಣ ರಕ್ತಕ್ಕೆ ನುಗ್ಗಿ ಹೃದಯವನ್ನೇ ನಿಲ್ಲಿಸಬಲ್ಲವು, ಮೂತ್ರಪಿಂಡಗಳನ್ನೂ ಕೆಡಿಸಬಲ್ಲವು. ವೈದ್ಯರು ಕ್ರಶ್ ಸಿಂಡ್ರೋಮ್ ಎನ್ನುವ ಈ ಅಪಾಯವಿದ್ದಾಗ ಭಾರ ತೆಗೆಯುವ ಮುನ್ನವೇ ಡ್ರಿಪ್ ಏರಿಸಲು ಪ್ರಯತ್ನಿಸಬೇಕಾಗುತ್ತದೆ. ಗವಿಗಷ್ಟೇ ಅಲ್ಲ, ಭೂಕುಸಿತದ ಮಣ್ಣಿಗೂ ಇದು ಅನ್ವಯಿಸುತ್ತದೆ. ಕೊಡಗು ಇದನ್ನು ಕಲಿಯಬೇಕಾದ ಮುಖ್ಯ ಕಾರಣವೂ ಅದೇ.

ಇಂತಹ ವಿದ್ಯೆಯನ್ನು ಸ್ವಯಂಸೇವಕರೂ ಕರಗತ ಮಾಡಿಕೊಳ್ಳಬಲ್ಲರೆಂಬುದಕ್ಕೆ ಹೊರನಾಡಿನ ನಿದರ್ಶನಗಳಿವೆ. 2018ರ ಜುಲೈ 10ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಿಂದ, ನೀರಿನ ನಡುವೆ ಸಿಲುಕಿದ್ದ ಹನ್ನೆರಡು ಬಾಲಕರನ್ನೂ ಅವರ ತರಬೇತುದಾರನನ್ನೂ ಹೊರತರುವ ಕೆಲಸ ಮುಗಿಯಿತು. ಅಲ್ಲಿ ಸೈನ್ಯ, ಪಂಪುಗಳು, ಸರ್ಕಾರಗಳು ಎಲ್ಲವೂ ಇದ್ದವು. ನಮ್ಮ ಕಿರ್ಲೋಸ್ಕರ್ ಸಂಸ್ಥೆಯ ಎಂಜಿನಿಯರುಗಳೂ ನೀರೆತ್ತಲು ಹೋಗಿದ್ದರು. ಆದರೂ ಕತ್ತಲ ನೀರಿನಲ್ಲಿ ಮುಳುಗಿ ಸಾಗಿ ಬಾಲಕರನ್ನು ಮೊದಲು ಕಂಡವರು ವಿರಾಮದ ವೇಳೆಯಲ್ಲಿ ಗುಹೆಗಳಲ್ಲಿ ಮುಳುಗುವ ಇಬ್ಬರು ಬ್ರಿಟಿಷ್ ಸ್ವಯಂಸೇವಕರು, ಒಬ್ಬರು ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ಇನ್ನೊಬ್ಬರು ಕಂಪ್ಯೂಟರ್ ಕೆಲಸದವರು. ಈ ಪರಂಪರೆ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ 1935ರಷ್ಟು ಹಿಂದೆಯೇ ಸಂಘಟಿತವಾದುದು; ಅಲ್ಲಿ ಪೊಲೀಸರು ಕರೆ ಕೊಡುತ್ತಾರೆ, ತರಬೇತಾದ ಸ್ವಯಂಸೇವಕರು ಕೂಲಿಯಿಲ್ಲದೆ ಇಳಿಯುತ್ತಾರೆ. ಇಂತಹ ಸಂಘಟನೆಯಿದ್ದೂ ಕೆಲಸ ಎಷ್ಟು ನಿಧಾನವೆಂಬುದಕ್ಕೆ 2014ರ ಜೂನ್‌ನಲ್ಲಿ ಜರ್ಮನಿಯ ರೀಸೆಂಡಿಂಗ್ ಗುಹೆಯಲ್ಲಿ ತಲೆಗೆ ಪೆಟ್ಟಾದ ಒಬ್ಬನೇ ಒಬ್ಬನನ್ನು ಮೇಲೆತ್ತಲು ಐದು ದೇಶಗಳ 700ಕ್ಕೂ ಹೆಚ್ಚು ಮಂದಿಗೆ ಹನ್ನೊಂದು ದಿನ ಹಿಡಿದದ್ದು ಸಾಕ್ಷಿ.

ಥಾಯ್ಲೆಂಡಿನ ಸುದ್ದಿ ತಣ್ಣಗಾಗಿ ಐದು ವಾರ ಕಳೆಯುವಷ್ಟರಲ್ಲಿ, ಅದೇ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಮ್ಮೆತ್ತಾಳುಗಳ ಗುಡ್ಡಗಳು ಜಾರಿದವು. ಸೈನ್ಯವೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯೂ ಬಂದವು. ಅವು ಬರುವ ಮುನ್ನ ಕತ್ತಿ, ಹಗ್ಗ, ಜೀಪು ಹಿಡಿದು ಹೊರಟವರು ಊರಿನ ಹುಡುಗರು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದಾಗ ಮತ್ತೆ ದಿನಗಟ್ಟಲೆ ಹುಡುಕಾಟ ನಡೆಯಿತು. ಅಂತಹ ಹುಡುಗರ ಧೈರ್ಯವನ್ನು ಹೊಗಳಿ ಶಾಲು ಹೊದಿಸುವುದಷ್ಟೇ ಸಾಲದು. ಅವರಿಗೆ ವಿಮೆ ಬೇಕು, ಸ್ಟ್ರೆಚರ್ ಬೇಕು, ಗಂಟು ಹಾಕುವ ವಿದ್ಯೆ ಬೇಕು. ಕೇಂದ್ರದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ವಿಧಿಯು ಸಹಾಯಕ್ಕೆ ನಿಂತವರನ್ನು ಕಾನೂನಿನ ಕಿರುಕುಳದಿಂದ ಕಾಪಾಡುತ್ತದೆ, ಆದರೆ ಅದು ವಾಹನ ಅಪಘಾತಕ್ಕೆ ಸೀಮಿತ. ಬಂಡೆಯ ಸಂದಿನಿಂದ ಎಳೆದವನಿಗೆ ಅದರ ಆಸರೆಯಿಲ್ಲ.

ಕೊಡಗಿನಲ್ಲಿ ಇದಕ್ಕೆ ಬೇಕಾದ ಜನರ ಕೊರತೆಯಿಲ್ಲ. ಮನೆಮನೆಯಲ್ಲೂ ನಿವೃತ್ತ ಯೋಧರಿದ್ದಾರೆ. ಬಾರಪೊಳೆಯಲ್ಲಿ ರಾಫ್ಟಿಂಗ್ ನಡೆಸುವವರಿಗೆ ಹಗ್ಗ, ಜಾಕೆಟ್ಟುಗಳ ಬಳಕೆ ಗೊತ್ತು. ಜೇನಿಗಾಗಿ ಬಂಡೆ, ಮರಗಳನ್ನೇರುವ ಜೇನುಕುರುಬರಿಗೆ ಕಾಡಿನ ಸಂದುಗೊಂದುಗಳ ಪರಿಚಯ ಯಾವ ನಕ್ಷೆಗಿಂತ ಹೆಚ್ಚಿನದು, ಅವರನ್ನು ಸಂಬಳವಿಲ್ಲದ ದಾರಿತೋರುಗರನ್ನಾಗಿಸದೆ ಗೌರವಧನ ಕೊಟ್ಟು ಸೇರಿಸಿಕೊಳ್ಳಬೇಕು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿಯೇ ರಾಜ್ಯದ ಸಾಹಸ ಅಕಾಡೆಮಿಯಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಆಪದ ಮಿತ್ರ' ಯೋಜನೆಯು ಸ್ಥಳೀಯ ಸ್ವಯಂಸೇವಕರಿಗೆ ಹನ್ನೆರಡು ದಿನಗಳ ತರಬೇತಿ ನೀಡಿದೆ. ಅದರ ಮೇಲೆ ಹಗ್ಗದ ಕೆಲಸ ಮತ್ತು ಇಕ್ಕಟ್ಟಾದ ಜಾಗದ ರಕ್ಷಣೆಯ ಪಾಠವನ್ನು ಸೇರಿಸುವುದು ಕಷ್ಟವಲ್ಲ. ಹಣವೆಲ್ಲಿ ಎಂಬ ಪ್ರಶ್ನೆಗೆ ಚಾರಣದ ಟಿಕೆಟ್ಟಿನಲ್ಲಿಯೇ ಉತ್ತರವಿದೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರವು ಮುಂದಿನ ಮಳೆಗಾಲಕ್ಕೆ ಮೊದಲು ಮಡಿಕೇರಿ, ಪೊನ್ನಂಪೇಟೆ, ಸೋಮವಾರಪೇಟೆಗಳಲ್ಲಿ ಒಂದೊಂದು ಸ್ವಯಂಸೇವಕ ರಕ್ಷಣಾ ತಂಡವನ್ನು ನೋಂದಾಯಿಸಿ, ಟಿಕೆಟ್ ಹಣದ ಒಂದು ಪಾಲನ್ನು ಅದಕ್ಕೆ ಮೀಸಲಿಡುವಂತೆ ಅರಣ್ಯ ಇಲಾಖೆಯನ್ನು ಕೋರಿ, ಬ್ರಹ್ಮಗಿರಿಯ ಗಡಿಯ ಕುರಿತು ವಯನಾಡು ಜಿಲ್ಲಾಡಳಿತದೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕೆಂದು ವಿನಂತಿ.

— ಓದುಗರೊಬ್ಬರು, ಪೊನ್ನಂಪೇಟೆ