ಬೆಂಗಳೂರಿನಲ್ಲಿ ಓಡಿಸಿದವನು ಎಲ್ಲಿ ಬೇಕಾದರೂ ಓಡಿಸಬಲ್ಲನೇ?

"ಬೆಂಗಳೂರಲ್ಲಿ ಗಾಡಿ ಓಡ್ಸಿದೋನು ಪ್ರಪಂಚದಲ್ಲಿ ಎಲ್ಲಿ ಬೇಕಾದ್ರೂ ಓಡಿಸ್ತಾನೆ ಬಿಡು ಮಗಾ!"

ಮೂರು ವಾರದ ಮಟ್ಟಿಗೆ ಅಮೆರಿಕಕ್ಕೆ ಹೊರಟಿದ್ದೀನಿ ಅಂದಾಗ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಹೇಳಿದ ಮಾತಿದು. ನೀವೂ ಕೇಳಿರ್ತೀರ, ಹೇಳಿಯೂ ಇರ್ತೀರ. ನಾನಂತೂ ಹತ್ತಾರು ಸಲ ಕಾಲರ್ ಎತ್ತಿಕೊಂಡು ಹೇಳಿದ್ದೇನೆ. ಇವತ್ತು ಆ ಮಾತು ಸುಳ್ಳು, ಅದೂ ಅಪಾಯದ ಸುಳ್ಳು ಅಂತ ಬರೆಯೋಕೆ ಕೂತಿದ್ದೇನೆ.

ಮೊದಲು ನನ್ನ ಅರ್ಹತೆ ಹೇಳಿಬಿಡ್ತೀನಿ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಐದು ವರ್ಷ ಆಫೀಸಿಗೆ ಕಾರು ಓಡಿಸಿದವನು ನಾನು. ಬಿಎಂಟಿಸಿ ಬಸ್ಸು ಸ್ಟಾಪಿನಿಂದ ಯಾವ ಕ್ಷಣದಲ್ಲಿ ಬಲಕ್ಕೆ ನುಗ್ಗುತ್ತೆ, ಆಟೋದವನು ಕಾಲು ಹೊರಗೆ ಚಾಚಿದರೆ ಏನರ್ಥ, ನೀರಿನ ಟ್ಯಾಂಕರಿಗೂ ತಳ್ಳುಗಾಡಿಗೂ ನಡುವೆ ನನ್ನ ಕಾರು ತೂರುತ್ತೋ ಇಲ್ಲವೋ, ಎಲ್ಲವೂ ಕಣ್ಣಂದಾಜಿನಲ್ಲೇ ಗೊತ್ತು. ಇದೊಂದು ವಿದ್ಯೆಯೇ, ಅನುಮಾನವಿಲ್ಲ. ಆದರೆ ಎಂಥ ವಿದ್ಯೆ? ಎದುರಿನವನ ಮುಖ ನೋಡಿ, ಮುಂದಿನವನ ಚಕ್ರ ನೋಡಿ ಓಡಿಸುವ ವಿದ್ಯೆ. ರಸ್ತೆ ಖಾಲಿ ಇದ್ದರೆ? ನೋಡಿಕೊಂಡು ಹೋಗೋಕೆ ಯಾರೂ ಇಲ್ಲದಿದ್ದರೆ? ನಾನು ಎಡವಿದ್ದೇ ಅಲ್ಲಿ.

೨೦೨೩ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಅಕ್ಕ-ಭಾವ ಇದ್ದಾರೆ. ವಾರವೆಲ್ಲ ಕೆಲಸ, ಶನಿವಾರ ಭಾನುವಾರ ಅವರ ಮನೆ. ಒಂದು ಬಾಡಿಗೆ ಕಾರು ತಗೊಂಡಿದ್ದೆ. ಬಲಗಡೆ ಓಡಿಸೋದು ಇಷ್ಟು ಸುಲಭವಾ ಅನ್ನಿಸಿತು. ಮುಂದೆ ನೂರು ಕಾರು ಹೋಗ್ತಾ ಇರುತ್ತೆ, ಅವುಗಳ ಹಿಂದೆ ಹೋದರಾಯ್ತು. ಒಂದೇ ತಾಪತ್ರಯ ಅಂದ್ರೆ ಇಂಡಿಕೇಟರ್ ಎಡಗೈಗೆ, ವೈಪರ್ ಬಲಗೈಗೆ. ಪ್ರತಿ ತಿರುವಿನಲ್ಲೂ ವೈಪರ್ ಓಡುತ್ತಿತ್ತು. "ಮಾಮಾ, ಮಳೆ ಬರ್ತಿಲ್ಲ!" ಅಂತ ಹಿಂದೆ ಕೂತ ಅಕ್ಕನ ಆರು ವರ್ಷದ ಮಗಳು ಹೊಟ್ಟೆ ಹಿಡ್ಕೊಂಡು ನಗುತ್ತಿದ್ದಳು :-)

ಎರಡನೇ ಭಾನುವಾರ ಬೆಳಿಗ್ಗೆ ಎಲ್ಲರೂ ಯೊಸೆಮಿಟಿಗೆ ಹೊರಟೆವು. ಮರ್ಸೆಡ್ ದಾಟಿದ ಮೇಲೆ ೧೪೦ನೇ ನಂಬರಿನ ಹೆದ್ದಾರಿ. ಎರಡೇ ಲೇನು, ನಡುವೆ ಡಿವೈಡರ್ ಇಲ್ಲ. ಒಂದು ಕಡೆ ಪೆಟ್ರೋಲ್ ಹಾಕಿಸಿ, ಕಾಫಿ ಕುಡಿದು ಹೊರಟೆ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸ್ಟೀರಿಂಗ್ ತಿರುಗಿಸಿ ಆರಾಮಾಗಿ ಮಾತಾಡುತ್ತಾ ಹೊರಟವನು ಸೀದಾ ಎಡಗಡೆ ಲೇನಿಗೆ ಸೇರಿಕೊಂಡಿದ್ದೆ. ನನಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದಷ್ಟು ಹಾಯಾಗಿತ್ತು!

ಮುಂದಿನ ತಿರುವಿನಲ್ಲಿ ಒಂದು ಪಿಕಪ್ ಟ್ರಕ್ ಬಂತು. ನನ್ನ ಎದುರಿಗೇ.

"ಬಲಕ್ಕೆ ಕಣೋ! ಬಲಕ್ಕೆ!" ಅಂತ ಅಕ್ಕ ಕಿರುಚಿದಳು. ನಾನು ತಿರುಗಿಸಿದೆ, ಅವನೂ ಬ್ರೇಕ್ ಒತ್ತಿದ. ಉದ್ದಕ್ಕೆ ಹಾರನ್ ಹೊಡೆಯುತ್ತಾ ಪಕ್ಕದಲ್ಲಿ ಹಾದು ಹೋದ. ಆ ಮೂರು ವಾರದಲ್ಲಿ ನನ್ನ ಮೇಲೆ ಬಿದ್ದ ಹಾರನ್ ಅದೊಂದೇ. ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಭಾವ ಒಂದು ಮಾತೂ ಬೈಯಲಿಲ್ಲ. ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದರು ಅಷ್ಟೆ. (ಬಾಡಿಗೆ ಪತ್ರದಲ್ಲಿ ಎರಡನೇ ಡ್ರೈವರ್ ಅಂತ ಅವರ ಹೆಸರನ್ನೂ ಬರೆಸಿದ್ದು ಒಳ್ಳೇದಾಯ್ತು. ಹೆಸರಿಲ್ಲದವರು ಓಡಿಸಿ ಏನಾದರೂ ಆದರೆ ಇನ್ಶೂರೆನ್ಸ್ ಕೈಕೊಡಬಹುದು.) ಹಿಂದಿನಿಂದ ಪುಟ್ಟಿ ಕೇಳಿದಳು, "ಮಾಮಾ, ನೀನ್ಯಾಕೆ ರಾಂಗ್ ಸೈಡಲ್ಲಿ ಹೋದೆ?"

ಏನು ಹೇಳಲಿ? ಬೆಂಗಳೂರಲ್ಲಿ ಐದು ವರ್ಷ ಓಡಿಸಿದ್ದೀನಿ ಪುಟ್ಟಿ ಅಂತಲಾ?

ಆವತ್ತು ತಿಳಿದದ್ದು ಇಷ್ಟು. ಟ್ರಾಫಿಕ್ ಇರುವ ಕಡೆ ಹೊಸಬನನ್ನು ಟ್ರಾಫಿಕ್ಕೇ ಕಾಯುತ್ತೆ. ಖಾಲಿ ರಸ್ತೆ, ಪೆಟ್ರೋಲ್ ಬಂಕಿನ ಬಾಗಿಲು, ಪಾರ್ಕಿಂಗ್ ಲಾಟಿನಿಂದ ಹೊರಬರುವ ಜಾಗ, ನಸುಕು, ಇವೇ ಅಪಾಯದ ಜಾಗ-ಹೊತ್ತು. ಅದಕ್ಕೆ ಭಾವ ಒಂದು ಸುಲಭ ಉಪಾಯ ಹೇಳಿಕೊಟ್ಟರು. ಯಾವ ದೇಶವೇ ಆಗಲಿ, ಡ್ರೈವರ್ ಕೂರುವ ಬದಿ ರಸ್ತೆಯ ನಡುಗೆರೆಯ ಹತ್ತಿರ ಇರಬೇಕು. ನಾನು ರಸ್ತೆಯ ಅಂಚಿನ ಪಕ್ಕ ಕೂತಿದ್ದೇನೆ ಅಂತಾದರೆ ತಪ್ಪು ಕಡೆ ಇದ್ದೇನೆ ಅಂತ ಅರ್ಥ. ಇನ್ನೊಂದು, ಅಲ್ಲಿ ಬಲತಿರುವು ಚಿಕ್ಕದು, ಎಡತಿರುವು ದೊಡ್ಡದು. ನಮ್ಮ ಊರಿಗೆ ಪೂರ್ತಿ ಉಲ್ಟಾ. ನಿಲ್ಲಿಸಿ ಹೊರಡುವಾಗಲೆಲ್ಲ ಪಕ್ಕದಲ್ಲಿ ಕೂತವರು "ಬಲ" ಅಂತ ಬಾಯಿಬಿಟ್ಟು ಹೇಳಬೇಕು. ನಗು ಬಂದರೆ ಬರಲಿ.

ಇನ್ನು ನನ್ನ ಮುಖ್ಯ ವಾದಕ್ಕೆ ಬರ್ತೀನಿ. ಬೆಂಗಳೂರು ನಮಗೆ ನುಗ್ಗೋದನ್ನು ಕಲಿಸಿದೆ. ಅಲ್ಲಿ ಹೋಗುವವನು ಕಲಿಯಬೇಕಾದದ್ದು ನಿಲ್ಲೋದನ್ನು. ಕೆಲವು ಉದಾಹರಣೆ ಕೊಡ್ತೀನಿ.

ಸ್ಟಾಪ್ ಬೋರ್ಡು: ಎಂಟು ಮೂಲೆಯ ಕೆಂಪು ಬೋರ್ಡು ಕಂಡರೆ ಚಕ್ರ ಪೂರ್ತಿ ನಿಲ್ಲಬೇಕು. ನಿಧಾನ ಮಾಡಿದರೆ ಸಾಲದು. ನಾಲ್ಕು ದಿಕ್ಕಿಗೂ ಬೋರ್ಡಿದ್ದರೆ ಮೊದಲು ಬಂದು ನಿಂತವರು ಮೊದಲು ಹೋಗ್ತಾರೆ. ಇಬ್ಬರೂ ಒಟ್ಟಿಗೆ ಬಂದರೆ ಬಲಗಡೆ ಇರುವವರಿಗೆ ದಾರಿ. ಪೊಲೀಸಿಲ್ಲ, ಸಿಗ್ನಲ್ ಇಲ್ಲ, ಸರದಿ ಮಾತ್ರ. ನಾನು ಮೊದಲ ದಿನ ನಮ್ಮ ಅಭ್ಯಾಸದಂತೆ ಮುಂದಿನ ಕಾರಿನ ಬಾಲ ಹಿಡಿದು ನುಗ್ಗಿದ್ದೆ. ಪಕ್ಕದ ರಸ್ತೆಯಲ್ಲಿ ಸರದಿಗೆ ಕಾಯುತ್ತಿದ್ದ ಅಜ್ಜಿಯ ಮುಖ ಈಗಲೂ ನೆನಪಿದೆ.

ಕೆಂಪು ದೀಪದಲ್ಲಿ ಬಲತಿರುವು: ಕ್ಯಾಲಿಫೋರ್ನಿಯಾದಲ್ಲಿ ಬೇಡ ಅನ್ನುವ ಬೋರ್ಡಿಲ್ಲದಿದ್ದರೆ ತಿರುಗಬಹುದು. ಆದರೆ ಮೊದಲು ಪೂರ್ತಿ ನಿಂತು, ನಡೆಯುವವರಿಗೆ ದಾರಿ ಬಿಟ್ಟು, ಆಮೇಲೆ. ನಮ್ಮ 'ಫ್ರೀ ಲೆಫ್ಟ್' ಥರ ಅಂದುಕೊಂಡರೆ ಕೆಟ್ಟಿರಿ. ನ್ಯೂಯಾರ್ಕ್ ನಗರದಲ್ಲಂತೂ ಲೆಕ್ಕ ತಿರುಗುಮುರುಗು, ತಿರುಗಬಹುದು ಅಂತ ಬೋರ್ಡಿದ್ದರೆ ಮಾತ್ರ ತಿರುಗಬೇಕು. ರಾಜ್ಯ ಬದಲಾದರೆ ನಿಯಮವೂ ಬದಲಾಗುತ್ತೆ, ಹೊರಡೋ ಮುಂಚೆ ನೋಡಿಕೊಳ್ಳಿ.

ಸ್ಕೂಲ್ ಬಸ್ಸು: ಹಳದಿ ಬಸ್ಸು ಕೆಂಪು ದೀಪ ಮಿನುಗಿಸುತ್ತಾ ನಿಂತರೆ ಹಿಂದಿನವರೂ ಎದುರಿನಿಂದ ಬರುವವರೂ ನಿಲ್ಲಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ನಡುವೆ ಡಿವೈಡರ್ ಇದ್ದರೆ, ಅಥವಾ ಒಂದೊಂದು ದಿಕ್ಕಿಗೆ ಎರಡಕ್ಕಿಂತ ಕಡಿಮೆಯಿಲ್ಲದಷ್ಟು ಲೇನಿದ್ದರೆ, ಎದುರಿನವರಿಗೆ ವಿನಾಯಿತಿ. ಇಲ್ಲದಿದ್ದರೆ ಇಲ್ಲ. ಒಂದು ಮಗು ರಸ್ತೆ ದಾಟಲು ಎರಡೂ ಕಡೆಯ ಟ್ರಾಫಿಕ್ ನಿಂತದ್ದು ನೋಡಿ ನನಗೆ ಗಂಟಲು ಕಟ್ಟಿತು, ಸುಳ್ಳು ಹೇಳಲ್ಲ.

ಪೊಲೀಸ್: ಹಿಂದೆ ಪೊಲೀಸ್ ಕಾರಿನ ದೀಪ ಮಿನುಗಿದರೆ ಬಲಕ್ಕೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಕೈ ಇಟ್ಟು, ಒಳಗೇ ಕೂತಿರಬೇಕು. ನಮ್ಮಲ್ಲಿ ಇಳಿದು ಹೋಗಿ "ಸಾರ್... ಸಾರ್..." ಅನ್ನೋದು ಮರ್ಯಾದೆ. ಅಲ್ಲಿ ಹಾಗೆ ಇಳಿದರೆ ಪೊಲೀಸರು ಬೇರೆ ಥರ ತಿಳ್ಕೊಳ್ತಾರೆ. ಲೈಸೆನ್ಸ್ ತೆಗೆಯೋಕೂ ಅವರು ಕೇಳುವ ತನಕ ಜೇಬಿಗೆ ಕೈ ಹಾಕಬೇಡಿ.

ಕಾಗದ ಪತ್ರ: ೧೮ ದಾಟಿದ ಪ್ರವಾಸಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ದೇಶದ ಚಾಲ್ತಿ ಲೈಸೆನ್ಸಿನಲ್ಲೇ ಓಡಿಸಬಹುದು. ಆದರೂ ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಹೋಗೋದು ವಾಸಿ. ಒಂದು ವರ್ಷ ನಡೆಯುತ್ತೆ. ಅದೊಂದೇ ಇದ್ದರೆ ಆಗಲ್ಲ, ಜೊತೆಗೆ ಮೂಲ ಲೈಸೆನ್ಸ್ ಇರಲೇಬೇಕು.

ಮಕ್ಕಳು: ಅಲ್ಲಿ ೮ ವರ್ಷದೊಳಗಿನ ಮಕ್ಕಳು ಹಿಂದಿನ ಸೀಟಿನಲ್ಲಿ, ಅವರ ಅಳತೆಯ ಸೀಟಿನಲ್ಲೇ ಕೂರಬೇಕು (೪ ಅಡಿ ೯ ಇಂಚು ದಾಟಿದ ಮಕ್ಕಳಿಗೆ ಆ ಸೀಟು ಬೇಡ). ಆ ಭಾನುವಾರ ಟ್ರಕ್ ಎದುರು ಬಂದಾಗ ಪುಟ್ಟಿ ಬೆಲ್ಟ್ ಬಿಗಿದು ಕೂತಿದ್ದಳು. ನಾನೇನಾದರೂ ನಮ್ಮೂರಿನ ಥರ ಅವಳನ್ನು ಮುಂದಿನ ಸೀಟಲ್ಲಿ ಭಾವನ ತೊಡೆ ಮೇಲೆ ಕೂರಿಸಿದ್ದರೆ ಅಂತ ಯೋಚಿಸಿದಾಗಲೆಲ್ಲ ರಾತ್ರಿ ನಿದ್ದೆ ಬರಲ್ಲ.

ನಿದ್ದೆ ಅಂದಾಗ ನೆನಪಾಯ್ತು. ಹನ್ನೆರಡೂವರೆ ಗಂಟೆ ಹಿಂದಿನ ಊರಿಗೆ ಹಾರಿ, ಇಳಿದ ತಕ್ಷಣ ಏರ್‌ಪೋರ್ಟಿನಲ್ಲೇ ಕಾರಿನ ಕೀಲಿ ತಗೋಬೇಡಿ. ಒಂದು ರಾತ್ರಿ ಮಲಗಿ. ಇದೂ ಒಂದು ಥರ ನಿಲ್ಲೋದೇ.

"ಸಾಕಪ್ಪಾ, ಅಮೆರಿಕದ ಭಜನೆ ಶುರು ಮಾಡಿದ" ಅಂತ ಕೆಲವರು ಅಂದ್ಕೊಳ್ತಿರ್ತೀರ, ಗೊತ್ತು. ಅಲ್ಲಿನವರೇನು ದೇವತೆಗಳಲ್ಲ. ಫೋನ್ ನೋಡುತ್ತಾ ಓಡಿಸುವವರನ್ನು ಬೇಕಾದಷ್ಟು ಕಂಡೆ. ೨೦೨೨ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು ೪೨ ಸಾವಿರ ಜನ ಸತ್ತಿದ್ದಾರೆ. ಅದೇ ವರ್ಷ ನಮ್ಮ ದೇಶದಲ್ಲಿ ಸತ್ತವರು ೧,೬೮,೪೯೧ ಜನ, ಕೇಂದ್ರ ಸಾರಿಗೆ ಇಲಾಖೆಯೇ ಕೊಟ್ಟ ಲೆಕ್ಕ. ಜನಸಂಖ್ಯೆ ಬೇರೆ, ವಾಹನಗಳ ಸಂಖ್ಯೆ ಬೇರೆ, ಯಾರು ಮೇಲು ಅನ್ನೋ ಪಂದ್ಯ ನನಗೆ ಬೇಡ. ನಾನು ಕೇಳೋದು ಇಷ್ಟೇ: ಇಷ್ಟು ಸಾವು ಕಂಡ ರಸ್ತೆಯಲ್ಲಿ ಕಲಿತದ್ದನ್ನು ಯಾವ ಧೈರ್ಯದ ಮೇಲೆ ನಾವು ಹೆಮ್ಮೆ ಅಂತ ಇನ್ನೊಂದು ದೇಶಕ್ಕೆ ಹೊತ್ತುಕೊಂಡು ಹೋಗ್ತೀವಿ? ಅಲ್ಲಿ ತಪ್ಪು ಮಾಡಿದರೆ ಬೆಲೆ ತೆರೋದು ನಾವೊಬ್ಬರೇ ಅಲ್ಲ. ಆ ಟ್ರಕ್ಕಿನವನೂ ಭಾನುವಾರ ಬೆಳಿಗ್ಗೆ ಎಲ್ಲಿಗೋ ಹೊರಟಿದ್ದ ಪಾಪ.

ವಾಪಸ್ ಬಂದ ಮೇಲೆ ಒಂದು ದಿನ ನಮ್ಮ ಬಡಾವಣೆಯ ಸಿಗ್ನಲ್ಲಿನಲ್ಲಿ ಹಳದಿ ದೀಪಕ್ಕೇ ಕಾರು ನಿಲ್ಲಿಸಿದೆ. ಹಿಂದಿನ ಕಾರಿನವನು ಹಾರನ್ ಹೊಡೆದ, ಕಿಟಕಿ ಇಳಿಸಿ ನಮ್ಮ ಮನೆಯವರನ್ನೆಲ್ಲ ವಿಚಾರಿಸಿಕೊಂಡ :-) ನಾನು ಸುಮ್ಮನೆ ನಿಂತಿದ್ದೆ. ಜೀಬ್ರಾ ಗೆರೆಯ ಮೇಲೆ ಇಬ್ಬರು ಹುಡುಗಿಯರು ಸ್ಕೂಲ್ ಬ್ಯಾಗ್ ಹೊತ್ತು ಓಡಿ ದಾಟಿದರು.

ಕ್ಯಾಂಟೀನಿನ ಆ ಗೆಳೆಯ ಮುಂದಿನ ತಿಂಗಳು ಡಲ್ಲಾಸಿಗೆ ಹೊರಟಿದ್ದಾನೆ. ಈ ಕಥೆ ಹೇಳಿದೆ. "ನೀನು ಹೊಸಬ, ಗಾಬರಿಯಾದೆ. ನಾನು ಹತ್ತು ವರ್ಷದಿಂದ ಓಡಿಸ್ತಿದೀನಿ" ಅಂದ. ಅವನಿಗಾಗಿಯೇ ಇದನ್ನು ಬರೆದದ್ದು. ನಿಮಗೂ ಇಂಥ ಅನುಭವ ಆಗಿದ್ದರೆ ದಯವಿಟ್ಟು ಬರೀರಿ. ನನ್ನೊಬ್ಬನ ಮಾತು ಅವನು ಕೇಳಲ್ಲ, ನಾಲ್ಕು ಜನ ಹೇಳಿದರೆ ಕೇಳಬಹುದೇನೋ. ಏನಂತೀರಾ?