ಶ್ರೀರಂಗಪಟ್ಟಣದ ಕಾವೇರಿ ಸ್ನಾನಘಟ್ಟಗಳ ತ್ಯಾಜ್ಯ ನಿಯಂತ್ರಣ ಕುರಿತ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಂಡ್ಯ ಜಿಲ್ಲೆ, ಮಂಡ್ಯ.

ವಿಷಯ: ಪಶ್ಚಿಮವಾಹಿನಿ, ಸಂಗಮ ಮತ್ತಿತರ ಸ್ನಾನಘಟ್ಟಗಳಲ್ಲಿ ಬಟ್ಟೆ, ಪ್ಲಾಸ್ಟಿಕ್ ಹಾಗೂ ಪೂಜಾ ಸಾಮಗ್ರಿ ನದಿ ಸೇರದಂತೆ ತಡೆಯುವ ಬಗ್ಗೆ.

ಮಾನ್ಯರೇ,

ಕಾವೇರಿಯು ಎರಡು ಕವಲಾಗಿ ಸುತ್ತುವರಿದಿರುವ ಶ್ರೀರಂಗಪಟ್ಟಣಕ್ಕೆ ಅಸ್ಥಿ ವಿಸರ್ಜನೆ, ಪಿಂಡ ಪ್ರದಾನ ಮತ್ತು ಪುಣ್ಯಸ್ನಾನಕ್ಕಾಗಿ ವರ್ಷವಿಡೀ ಜನರು ಬರುತ್ತಾರೆ. ಮಹಾಲಯ ಅಮಾವಾಸ್ಯೆ, ತುಲಾ ಸಂಕ್ರಮಣಗಳಂದು ಘಟ್ಟಗಳು ಕಿಕ್ಕಿರಿಯುತ್ತವೆ. ಕರ್ಮ ಮುಗಿಸಿ ಮಿಂದವರಲ್ಲಿ ಹಲವರು ಉಟ್ಟ ಬಟ್ಟೆಯನ್ನು ನೀರಿನಲ್ಲೇ ಬಿಡುತ್ತಾರೆ, ಮನೆಯ ಹಳೆಯ ದೇವರ ಪಟಗಳನ್ನು ಗಾಜು, ಚೌಕಟ್ಟಿನ ಸಮೇತ ಮುಳುಗಿಸುತ್ತಾರೆ. ಬಟ್ಟೆಯೊಡನೆ ಸೂತಕವೂ ಕಳೆಯುತ್ತದೆ, ಪೂಜೆಗೊಂಡ ಪಟ ಕಸದ ತೊಟ್ಟಿಗೆ ಬೀಳಬಾರದು ಎಂಬ ಶ್ರದ್ಧೆ ಇದರ ಹಿಂದಿದೆ. ಆದುದರಿಂದ ಇದನ್ನು ಬರಿಯ ಅಸಡ್ಡೆಯೆಂದೆಣಿಸಿ ಎಚ್ಚರಿಕೆ ಫಲಕ ಮತ್ತು ದಂಡಗಳಿಂದಲೇ ತಡೆಯಹೊರಟರೆ ಫಲ ಸಿಗದೆಂಬುದು ಮನವಿದಾರರ ಖಚಿತ ಅಭಿಪ್ರಾಯ.

ಇಂದಿನ ಹಲವು ಸೀರೆ, ಪಂಚೆಗಳಲ್ಲಿ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್‌ನಿಂದಲೇ ತೆಗೆದ ನೂಲು, ಬೆರೆತಿರುವುದರಿಂದ ಅವು ಹತ್ತಿಯಂತೆ ಕೊಳೆಯದೆ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಒಡೆದು ನೀರಿನಲ್ಲೇ ಉಳಿಯುತ್ತವೆ. ಕನ್ನಂಬಾಡಿ ಕಟ್ಟೆಯಿಂದ ಬಿಡುವ ನೀರು ಕಡಿಮೆಯಾದಾಗ ಈ ಬಟ್ಟೆ ಬಂಡೆಗಳಿಗೆ ಸುತ್ತಿಕೊಂಡು, ಮಡಿಕೆಗಳಲ್ಲಿ ಮರಳು ತುಂಬಿ, ಎಳೆದರೂ ಬಾರದಷ್ಟು ಭಾರವಾಗುತ್ತದೆ. ಅದನ್ನು ಪೌರಕಾರ್ಮಿಕರು ಸೊಂಟದ ಮಟ್ಟದ ನೀರಿಗಿಳಿದು, ಗಾಜಿನ ಚೂರುಗಳ ನಡುವೆ ನಿಂತು, ಕತ್ತರಿಸಿ ತೆಗೆಯಬೇಕಾಗುತ್ತದೆ. ಮಿಂದವರು ಬಿಸಾಡುವ ಶ್ಯಾಂಪೂ ಸ್ಯಾಶೆಗಳಂತೂ ಭಿನ್ನ ವಸ್ತುಗಳ ತೆಳು ಪದರಗಳನ್ನು ಅಂಟಿಸಿ ಮಾಡಿದವಾದ್ದರಿಂದ ಮರುಬಳಕೆಗೂ ಸುಲಭವಾಗಿ ಒದಗವು.

ಈ ನೀರು ಇಲ್ಲಿಗೇ ನಿಲ್ಲುವುದಿಲ್ಲ. ಮೀನು, ನೀರುನಾಯಿ, ಮೊಸಳೆಗಳಿಗೆ ಆಸರೆಯಾದ ಇದೇ ನದಿಯಿಂದ, ಕೆಳಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಮೂಲಕ, ಬೆಂಗಳೂರಿಗೆ ಕುಡಿಯುವ ನೀರು ಸಾಗುತ್ತದೆ.

ನೀರಿನ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆ 1974ರಲ್ಲಿ ಬಂದಿದೆ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ತೀರ್ಥಕ್ಷೇತ್ರಗಳಲ್ಲಿ ನದಿ ದಡದ 500 ಮೀಟರ್ ಒಳಗೆ ಸೋಪು, ಶ್ಯಾಂಪೂ ಮಾರಾಟವನ್ನು ನಿಷೇಧಿಸಬೇಕು, ಬಟ್ಟೆ ಬಿಡುವುದನ್ನು ತಡೆಯಬೇಕು ಎಂದು ರಾಜ್ಯದ ಪರಿಸರ ಸಚಿವರು 2025ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದ್ದಾರೆ. ನಿಯಮಗಳು ಈಗಾಗಲೇ ಇರುವುದರಿಂದ ಹೊಸ ಕಾನೂನನ್ನು ಮನವಿದಾರರು ಕೇಳುತ್ತಿಲ್ಲ.

ಮನವಿದಾರರ ಮೊದಲ ಮತ್ತು ಮುಖ್ಯ ಬೇಡಿಕೆಯೆಂದರೆ, ಪ್ರತಿ ಘಟ್ಟದಲ್ಲೂ ಮೆಟ್ಟಿಲಿನ ಮೇಲ್ಭಾಗದಲ್ಲಿ, ಕಸದ ತೊಟ್ಟಿಯಿಂದ ದೂರವಾಗಿ, ವಸ್ತ್ರ ಹಾಗೂ ಪಟಗಳನ್ನು ಗೌರವದಿಂದ ಒಪ್ಪಿಸಲು ಕಲ್ಲಿನ ಕಟ್ಟೆಯೊಂದನ್ನು ಕಟ್ಟಿಸಬೇಕು. ನದಿಯ ನೀರನ್ನು ಪ್ರೋಕ್ಷಿಸಿ ಬಟ್ಟೆಯನ್ನು ಅಲ್ಲಿಯೇ ಬಿಟ್ಟರೂ ಕರ್ಮ ಪೂರ್ಣವಾಗುವುದೆಂದು ಜನರಿಗೆ ತಿಳಿಹೇಳಲು ಪುರೋಹಿತರ ಸಹಕಾರ ಕೋರಬೇಕು, ಏಕೆಂದರೆ ಆ ಗಳಿಗೆಯಲ್ಲಿ ಶೋಕತಪ್ತ ಕುಟುಂಬ ಕೇಳುವುದು ಅವರ ಮಾತನ್ನೇ ಹೊರತು ಫಲಕದ ಬರಹವನ್ನಲ್ಲ. ಸಂಗ್ರಹವಾದ ಬಟ್ಟೆ, ಗಾಜು, ಚೌಕಟ್ಟುಗಳನ್ನು ಬೇರ್ಪಡಿಸಿ ಅಂದಂದೇ ಸಾಗಿಸಬೇಕು; ಹೂವು, ಬಾಳೆಲೆಗಳನ್ನು ಸ್ಥಳದಲ್ಲೇ ಗೊಬ್ಬರವಾಗಿಸಿ ದಡದ ಉದ್ಯಾನಗಳಿಗೆ ಬಳಸಬೇಕು. ಪೂಜಾ ಸಾಮಗ್ರಿಯ ಅಂಗಡಿಗಳು ಅರಿಶಿನ, ಕುಂಕುಮವನ್ನು ಕಾಗದದ ಪೊಟ್ಟಣದಲ್ಲಿ ಕೊಡುವಂತೆ ಪರವಾನಗಿಯಲ್ಲೇ ಷರತ್ತು ವಿಧಿಸಬೇಕು. ನೀರಿಗಿಳಿಯುವ ಪೌರಕಾರ್ಮಿಕರಿಗೆ ಗಮ್‌ಬೂಟು, ಕೈಗವಸು, ದೋಣಿ ಮತ್ತು ವಿಮೆ ಒದಗಿಸದೆ ಈ ಕೆಲಸ ಮಾಡಿಸಬಾರದೆಂಬುದೂ ಮನವಿದಾರರ ಆಗ್ರಹ.

ಮುಂಬರುವ ಮಹಾಲಯ ಅಮಾವಾಸ್ಯೆಗೆ ಮೊದಲೇ ಪುರೋಹಿತರು, ವ್ಯಾಪಾರಿಗಳು, ಪೌರಕಾರ್ಮಿಕರು ಮತ್ತು ಸಂಬಂಧಿಸಿದ ಇಲಾಖೆಗಳ ಸಭೆಯನ್ನು ಘಟ್ಟದಲ್ಲೇ ಕರೆದು, ಕಟ್ಟೆಗಳ ಸ್ಥಳ ಗುರುತಿಸಿ, ಕಾಮಗಾರಿಗೆ ಲಿಖಿತ ಆದೇಶ ಹೊರಡಿಸಬೇಕೆಂದು ಕೋರಲಾಗಿದೆ.

ಇಂತಿ,
ಶ್ರೀರಂಗಪಟ್ಟಣದ ನದಿತೀರದ ನಿವಾಸಿಗಳು