ಕಾರ್ಬೊರೇಟರ್ ಜಾನಪದ ಅಲ್ಲವಂತೆ
ಕೆಂಕೆರೆಯ ನಮ್ಮ ಮಾವ ಹಳೇ ಗರಗಸದ ಮಿಷನ್‌ಗಳನ್ನು ಕೂಡಿಟ್ಟು ರಿಪೇರಿ ಮಾಡುತ್ತಾರೆ. ಅವರ ಬಗ್ಗೆ ಒಂದು ಅಧ್ಯಾಯ ಬರೆಯುತ್ತೇನೆ ಅಂದಾಗ ಬಂದ ಉತ್ತರ: “ಇದು ಜಾನಪದ ಅಲ್ಲಮ್ಮ, ಮೆಕ್ಯಾನಿಕ್ ಕೆಲಸ.” ಬಳ್ಳ, ಕೊಳಗ, ಮರದ ನೇಗಿಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿಯುವವರಿಗೆ ಗ್ರೀಸ್ ಮೆತ್ತಿದ ಕೈ ಕಾಣುವುದಿಲ್ಲ. ಯಾಕೆ, ಹಾಡು ಕಟ್ಟಿದರೆ ಮಾತ್ರ ತಿಳಿವಳಿಕೆಯೇ?

ಹಳೇ ಬೈಕಿನ ಕಾರ್ಬೊರೇಟರಿನಲ್ಲಿ ಪೆಟ್ರೋಲು ಬಟ್ಟಲಲ್ಲಿ ನಿಲ್ಲುತ್ತದೆ. ಅದರ ಮಟ್ಟ ಕಾಯಲು ಒಂದು ತೇಲುಬುಂಡೆ. ಗರಗಸವನ್ನು ಅಡ್ಡ ಮಲಗಿಸಬೇಕು, ತಲೆಕೆಳಗೂ ಹಿಡಿಯಬೇಕು. ಅದಕ್ಕೇ ಅಲ್ಲಿ ಬಟ್ಟಲಿಲ್ಲ. ಹಾಳೆಯಂಥ ಡಯಾಫ್ರಾಮ್ ಎಂಜಿನ್ನಿನ ಒತ್ತಡದ ಏರಿಳಿತಕ್ಕೆ ಮಿಡಿದು ಪೆಟ್ರೋಲು ಎಳೆಯುತ್ತದೆ. ಅದು ಸೆಟೆದುಕೊಂಡರೆ ಮಿಷನ್ ಕೆಮ್ಮುತ್ತದೆ. ಆ ಕೆಮ್ಮು ಕೇಳಿಯೇ ಮಾವ ದೋಷ ಹೇಳುತ್ತಾರೆ. ತೆಂಗು ಹೊರಗೆ ಗಟ್ಟಿ, ಒಳಗೆ ಮೆದು. ಚೈನಿನ ಹಲ್ಲು ಎಷ್ಟು ಬೇಗ ಮೊಂಡಾಗುತ್ತದೆಂದು ಅವರ ಅರಕ್ಕೆ ಗೊತ್ತು.

ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್. ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ಕೆಡಿಸುತ್ತದೆ. “ಹೊಸದು ತಗೊಳ್ಳಿ” ಅನ್ನುತ್ತಾರೆ. ಸುಳಿ ಒಣಗಿದ ನಾಲ್ಕು ಮರ ಕಡಿಸುವ ರೈತ, ಯಾವ ದುಡ್ಡಲ್ಲಿ?

ಮಾವನಿಗೆ ಅರವತ್ತೆರಡು. ಕಲಿಯಲು ಇದುವರೆಗೂ ಯಾರೂ ಬಂದಿಲ್ಲ. ನಾನು ರೆಕಾರ್ಡರ್ ಹಿಡಿದು ಹೋಗುತ್ತಿದ್ದೆ. ಹೋದ ವಾರ ಅದನ್ನು ಕಿತ್ತು ಪಕ್ಕಕ್ಕಿಟ್ಟು, ಕೈಗೆ ಸ್ಕ್ರೂಡ್ರೈವರ್ ಕೊಟ್ಟರು.